ಇಂಜಿನ್ ನಿಂತರೆ ಎಲ್ಲಿ ಎಂದು ಕೇಳುತ್ತಿದ್ದ ದೇಸಾಯಿ ಸರ್

ದೇಸಾಯಿ ಸರ್ ಯಾವ ಊರಿಗೆ ಹೋಗಲಿ, ಯಾರ ಮನೆಗೆ ಹೋಗಲಿ, ಮೊದಲು ನೋಡುತ್ತಿದ್ದುದು ಒಣಹಾಕಿದ ಬಟ್ಟೆಗಳನ್ನು. ಭದ್ರಾವತಿಯ ನಮ್ಮ ಮನೆಯ ಮಹಡಿ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಹೊಸದರಲ್ಲಿ ಬೆಳಿಗ್ಗೆ ಎದ್ದವರೇ ತಾರಸಿಗೆ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಪಕ್ಕದ ಮನೆಯ ಸೆಲ್ವಿಯಕ್ಕನ ಹಗ್ಗದ ಮೇಲಿನ ಸೀರೆಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಒಂದು ವಾರ ಸಹಿಸಿಕೊಂಡ ಸೆಲ್ವಿಯಕ್ಕ ಬಕೆಟ್ ಸಮೇತ ನಮ್ಮ ಅಂಗಳಕ್ಕೆ ಬಂದರು.

"ಏನ್ ಸಾರ್, ವಯಸ್ಸಾದವ್ರು ನೀವು. ದಿನಾ ಎದ್ದು ನನ್ ಸೀರೆನೇ ನೋಡ್ತೀರಲ್ಲ, ಬೇರೆ ಕೆಲ್ಸ ಇಲ್ವಾ?"

"ನಿಮ್ಮ ಸೀರಿ ನೋಡಿಲ್ರೀ ಅಮ್ಮಾ. ಅದು ಯಾ ಕಡೆ ಹಾರ್ತದ ಅಂತ ನೋಡಿದೆ."

"ಹಾರೋದನ್ನೇ ನೋಡಿದ್ರಂತೆ. ಕೇಳಿಸ್ಕೊಂಡ್ರಾ ನಂಜಪ್ಪಣ್ಣ?" ಎಂದು ಸೆಲ್ವಿಯಕ್ಕ ನನ್ನ ಕಡೆ ತಿರುಗಿದರು.

ನಾನು ನಡುವೆ ಬಂದು, ಇವರು ಗೈರೋಪ್ಲೇನ್ ಎಂಬ ಸಣ್ಣ ವಿಮಾನ ಹಾರಿಸುವ ಮೇಷ್ಟ್ರು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದು ಇವರಿಗೆ ನಮಗೆ ಗಡಿಯಾರ ಇದ್ದ ಹಾಗೆ ಎಂದು ಬಿಡಿಸಿ ಹೇಳಿದ ಮೇಲೆ ಜಗಳ ತಣ್ಣಗಾಯಿತು. ಆಮೇಲಾಮೇಲೆ ಸೆಲ್ವಿಯಕ್ಕನೇ ಕೆಳಗಿನಿಂದ ಕೂಗತೊಡಗಿದರು. "ಸಾರ್, ಇವತ್ತು ಸೀರೆ ಸ್ಟೇಷನ್ ಕಡೆ ಹಾರ್ತಿದೆ ನೋಡ್ಕೊಳ್ಳಿ."

ನನ್ನ ಮೊಮ್ಮಗಳು ಚೈತ್ರ ಮೊನ್ನೆ ಆಕಾಶದಲ್ಲಿ ಇಂಜಿನ್ ನಿಂತುಹೋದ ಗೈರೋವನ್ನು ಒಬ್ಬಳೇ ಇಳಿಸಿ, ಒಂದು ಗೀರೂ ಇಲ್ಲದೆ ಎದ್ದು ಬಂದಳು. ಆ ಸಂತೋಷವನ್ನು ಹೇಳಿಕೊಳ್ಳಬೇಕು ಎಂದೇ ಕುಳಿತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಸ್ಟೇರಿಂಗ್ ಹಿಡಿದವನು ನಾನು; ಆ ಕೈಗೆ ಪೆನ್ನು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಆದರೂ ಸಿಕ್ಕ ಸಿಕ್ಕವರಿಗೆಲ್ಲ ಬಾಯಲ್ಲಿ ಹೇಳಿದ್ದು ಸಾಲದು ಅನ್ನಿಸಿದೆ. ಹೇಳಹೊರಟರೆ ಮಾತು ಪ್ರತಿ ಸಲವೂ ದೇಸಾಯಿ ಸರ್ ಹತ್ತಿರವೇ ಹೋಗಿ ನಿಲ್ಲುತ್ತದೆ. ಹಾಗಾಗಿ ಅವರಿಂದಲೇ ಶುರು ಮಾಡಿದೆ.

ಅವರನ್ನು ನಾನು ಮೊದಲು ನೋಡಿದ್ದು ಒಂದು ಶುಂಠಿ ಹೊಲದಲ್ಲಿ. ಆಗ ನನ್ನದು ಬಾಡಿಗೆ ಟೆಂಪೊ. ಆಯನೂರಿನ ಆಚೆ ಒಂದು ಖಾಸಗಿ ಕಂಪನಿಯವರು ಬಯಲಿನಲ್ಲಿ ಮಣ್ಣಿನ ಪಟ್ಟಿ ಹಾಸಿ ಗೈರೋ ಹಾರಿಸಲು ಕಲಿಸುತ್ತಿದ್ದರು. ಅಲ್ಲಿಂದ ಫೋನ್ ಬಂತು, ಒಂದು ವಿಮಾನವನ್ನು ಹೊಲದಿಂದ ಹೇರಿಕೊಂಡು ಬರಬೇಕು ಎಂದು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೇ ಹೋದೆ. ನೋಡಿದರೆ ನಿಜ. ಆಟೋರಿಕ್ಷಾಕ್ಕಿಂತ ಸಣ್ಣದು, ಮೂರು ಚಕ್ರ, ಒಂದರ ಹಿಂದೆ ಒಂದು ಎರಡು ಸೀಟು, ಬೆನ್ನಿಗೆ ಇಂಜಿನ್, ತಲೆಯ ಮೇಲೆ ಫ್ಯಾನಿನಂಥ ಎರಡೆಲೆಯ ದೊಡ್ಡ ರೆಕ್ಕೆ. ಮೂಗು ನೆಲಕ್ಕೆ ಚುಚ್ಚಿಕೊಂಡು ಮಗುಚಿತ್ತು, ರೆಕ್ಕೆ ಮುರಿದಿತ್ತು. ಪಕ್ಕದಲ್ಲಿ ಬೆಳ್ಳಿ ಮೀಸೆಯ ತೆಳ್ಳನೆಯ ಮನುಷ್ಯರೊಬ್ಬರು, ಯಾರೋ ಕೊಟ್ಟ ಟವೆಲಿನಲ್ಲಿ ಎಡಗೈ ಕುತ್ತಿಗೆಗೆ ಕಟ್ಟಿಕೊಂಡು, ಬಲಗೈಯನ್ನು ಶುಂಠಿ ಮಡಿಯ ನಡುವಿನ ಕಾಲುವೆಗೆ ಇಳಿಬಿಟ್ಟು ಆಳ ನೋಡುತ್ತಿದ್ದರು. ಹೊಲದ ಯಜಮಾನಿ ತಿಮ್ಮಕ್ಕ ತಲೆಯ ಮೇಲೆ ನಿಂತು ಬೈಯುತ್ತಿದ್ದಳು.

"ಆಕಾಶದಷ್ಟು ಜಾಗ ಇತ್ತಲ್ಲ ಮಾರಾಯ. ನನ್ನ ಶುಂಠಿನೇ ಬೇಕಿತ್ತಾ ನಿಂಗೆ?"

"ತಪ್ಪಾತವ್ವಾ. ಮ್ಯಾಲಿಂದ ಸಪಾಟ ಕಂಡ್ತು."

ಶುಂಠಿ ನೆಟ್ಟ ಹೊಸದರಲ್ಲಿ ಮಡಿಗಳ ಮೇಲೆಲ್ಲ ಹುಲ್ಲು ಹೊದಿಸುತ್ತಾರೆ. ಮೊಳಕೆ ಮೇಲೆ ಬರುವವರೆಗೆ ಹೊಲ ಹಾಸಿಗೆ ಹಾಸಿದಂತೆ ಕಾಣುತ್ತದೆ. ಒಳಗೆ ಮೊಣಕಾಲುದ್ದದ ಕಾಲುವೆಗಳು ಇರುತ್ತವೆ. ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾದ ಗದಗ ಕಡೆಯ ದೇಸಾಯಿ ಸರ್ ಬಿಳಿಜೋಳ, ಕಡಲೆ, ಹತ್ತಿಯ ಹೊಲ ಕಂಡವರು. ಶುಂಠಿ ಅವರಿಗೆ ಚಹಾದಲ್ಲಿ ಮಾತ್ರ ಗೊತ್ತಿತ್ತು. ಇಂಜಿನ್ ನಿಂತಾಗ ಉಳಿದದ್ದೆಲ್ಲ ಸರಿಯಾಗಿ ಮಾಡಿ, ಕೊನೆಗೆ ಆ ಹಾಸಿಗೆಯ ಮೇಲೆ ಇಳಿಸಿದ್ದರು. ಮುಂದಿನ ಚಕ್ರ ಕಾಲುವೆಗೆ ಬಿತ್ತು, ಭುಜದ ಎಲುಬು ಮುರಿಯಿತು.

ಆಸ್ಪತ್ರೆಗೂ ನನ್ನ ಟೆಂಪೊದಲ್ಲೇ ಬಂದರು. ದಾರಿಯಲ್ಲಿ ನೋವಿನ ಮಾತೇ ಇಲ್ಲ. "ಈ ಸೀಮ್ಯಾಗ ಇನ್ನ ಏನೇನ್ ಬೆಳೀತಾರ್ರೀ? ಯಾವ ತಿಂಗಳಾಗ ಏನ್ ಇರ್ತದ?" ಎಂದು ಕೇಳುತ್ತಲೇ ಇದ್ದರು. ಕೈ ಕೂಡಿಬಂದ ಮೇಲೆ ಪ್ರತಿ ಭಾನುವಾರ ನನ್ನನ್ನು ಕರೆದುಕೊಂಡು ಹೊಲಗಳ ಮೇಲೆ ಹೊರಟರು. ಯಾರ ಜಮೀನಿನಲ್ಲಿ ಬದು ಎತ್ತರ, ಯಾರು ಪಂಪ್‌ಸೆಟ್‌ಗೆ ಬಿದಿರು ಗಳದ ಮೇಲೆ ವೈರು ಎಳೆದಿದ್ದಾರೆ, ಯಾರು ಮೆಕ್ಕೆಜೋಳ ಮುರಿದ ಮೇಲೆ ದಂಟು ಕೊಯ್ಯದೆ ಹಾಗೇ ಬಿಡುತ್ತಾರೆ ಎಂದೆಲ್ಲ ವಿಚಾರಿಸುವರು. ಜಮೀನು ಕೊಳ್ಳಲು ಬಂದ ದಲ್ಲಾಳಿ ಎಂದುಕೊಂಡು ಕೆಲವರು ನಾಯಿ ಬಿಟ್ಟದ್ದೂ ಇದೆ. ತಿಮ್ಮಕ್ಕ ಮಾತ್ರ ಎರಡನೆಯ ಸಲ ಹೋದಾಗ ರೊಟ್ಟಿ ತಟ್ಟಿ ಕೊಟ್ಟಳು. "ಕಾಲು ನೆಲದ ಮೇಲೆ ಇಟ್ಕೊಂಡು ಬಂದ್ಯಲ್ಲ, ಕೂತ್ಕೋ" ಎಂದಳು. ಕಂಪನಿಯವರು ನನ್ನನ್ನು ಡ್ರೈವರಾಗಿ ಇಟ್ಟುಕೊಂಡರು, ದೇಸಾಯಿ ಸರ್ ನಮ್ಮ ಮಹಡಿಗೆ ಬಂದರು, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಶಿವಮೊಗ್ಗ ದಾಟಿ ಬಯಲಿಗೆ ಹೋಗುವುದು ರೂಢಿಯಾಯಿತು.

ಮದುವೆಯಾಗಿರಲಿಲ್ಲ ಅವರಿಗೆ. ಹುಬ್ಬಳ್ಳಿಯಲ್ಲಿ ಅಕ್ಕನ ಮಗ ಒಬ್ಬ ಇದ್ದ. ಮಾತು ಕಡಿಮೆ, ಚಹಾ ಜಾಸ್ತಿ. ಹೊಗಳುವ ಅಭ್ಯಾಸ ಇರಲೇ ಇಲ್ಲ. ನನ್ನ ಹೆಂಡತಿ ರತ್ನಮ್ಮ ಒಂದು ದಿನ ಹೋಳಿಗೆ ಬಡಿಸಿ, "ಹೇಗಿದೆ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಅವರು ಇಡೀ ಹೋಳಿಗೆ ತಿಂದು ಮುಗಿಸಿ, "ಅಂಚು ದಪ್ಪ ಆಗ್ಯಾದ್ರಿ" ಎಂದರು. ರತ್ನಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ಇವರು ಇನ್ನೆರಡು ಕೇಳಿ ಹಾಕಿಸಿಕೊಂಡು ತಿಂದರು.

ಟೆಂಪೊ ಸೀಟಿನಲ್ಲಿ ನನಗೂ ಅವರಿಗೂ ದಿನಾ ಇದೇ ಚರ್ಚೆ. "ನನ್ನ ಗಾಡಿ ಕೆಟ್ಟರೆ ಪಕ್ಕಕ್ಕೆ ಹಾಕ್ತೀನಿ ಸರ್. ನಿಮ್ದು ಕೆಟ್ಟರೆ?"

"ಕೆಳಗ ಹಾಕ್ತೀವ್ರಿ."

ನಾನು ನಗುವವರೆಗೂ ಕಾದು ಆಮೇಲೆ ವಿವರಿಸುತ್ತಿದ್ದರು. ಗೈರೋದ ತಲೆಯ ಮೇಲಿನ ರೆಕ್ಕೆಗೆ ಹಾರುವಾಗ ಇಂಜಿನ್ನಿನ ಸಂಬಂಧವೇ ಇಲ್ಲವಂತೆ. ಇಂಜಿನ್ ಹಿಂದಿನಿಂದ ತಳ್ಳುತ್ತದೆ ಅಷ್ಟೆ. ರೆಕ್ಕೆ ಎದುರುಗಾಳಿಗೆ ತಾನಾಗಿ ತಿರುಗುತ್ತದೆ. "ಇಂಜಿನ್ ನಿಂತ್ರ ರೆಕ್ಕಿ ನಿಲ್ಲೂದಿಲ್ರೀ. ಇಳಿಯೋ ಗಾಳಿನ ಅದನ್ನ ತಿರುಗಸ್ತದ. ಆದ್ರ ಭಾಳ ದೂರ ತೇಲೂದಿಲ್ಲ. ಕಾಲಿನ ಬುಡಕ ಏನದ ಅಲ್ಲೇ ಇಳೀಬೇಕು. ಅದಕ್ಕ ಇಂಜಿನ್ ಇದ್ದಾಗ್ಲೇ ಜಾಗಾ ನೋಡಿಟ್ಟಿರಬೇಕು."

ನಮ್ಮ ಚೈತ್ರ ಈ ಮಾತುಗಳನ್ನು ಎಲ್ಲಿಂದ ಕೇಳಿಸಿಕೊಂಡಳೋ. ಅವಳು ನನ್ನ ಮಗಳ ಮಗಳು. ಅಪ್ಪ ಅಮ್ಮ ತೀರ್ಥಹಳ್ಳಿಯಲ್ಲಿ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದಲೆಂದು ನಮ್ಮ ಮನೆಯಲ್ಲಿದ್ದಳು. ಓದು ಮುಗಿದದ್ದೇ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು, ವರ್ಷ ಕಳೆಯುವುದರಲ್ಲಿ ನಾನೂ ಹಾರಿಸಲು ಕಲಿಯುತ್ತೇನೆ ಎಂದಳು. ರತ್ನಮ್ಮ ಎರಡು ದಿನ ಮಾತು ಬಿಟ್ಟಳು. ಮಗಳು ಫೋನಿನಲ್ಲಿ, "ಅಪ್ಪಾ, ನಿನ್ನ ಮನೇಲಿ ಬಿಟ್ಟಿದೀನಿ. ಏನಾದ್ರೂ ಆದ್ರೆ ನಿನ್ನನ್ನೇ ಕೇಳೋದು" ಎಂದಳು. ನಾನು ತಾರಸಿಗೆ ಹೋಗಿ ದೇಸಾಯಿ ಸರ್ ಮುಂದೆ ನಿಂತೆ.

"ಸರ್, ಹುಡುಗಿ ಬೀಳಲ್ಲ ಅಂತ ಒಂದು ಮಾತು ಕೊಡಿ. ಕಳಿಸ್ತೀನಿ."

"ಕೊಡಂಗಿಲ್ಲ."

"ಮತ್ತೆ ಹೆಂಗೆ ಕಳಿಸ್ಲಿ?"

"ಇಂಜಿನ್ ಮನುಷ್ಯಾ ಮಾಡಿದ್ದು ನಂಜಪ್ಪಾರ. ಯಾವತ್ತರ ಒಂದಿನ ನಿಂತಽ ನಿಲ್ತದ. ನಿಂತ ದಿನ ಆಕಿ ಕೈಗೆ ಏನ್ ಮಾಡಬೇಕು ತಿಳದಿರ್ತದ. ಅಷ್ಟ ಹೇಳಬಲ್ಲೆ. ಅದರ ಮ್ಯಾಲೆ ಬಿಡೂದು ಬಿಡ್ಲಾರದ್ದು ನಿಮಗ ಬಿಟ್ಟದ್ದು."

ಬೀಳುವುದಿಲ್ಲ ಎಂದು ಸುಳ್ಳೇ ಹೇಳಿದ್ದರೂ ನಾನು ಒಪ್ಪುತ್ತಿದ್ದೆ. ಇವರು ನಿಜ ಹೇಳಿದ್ದಕ್ಕೆ ಒಪ್ಪಲೇಬೇಕಾಯಿತು.

ಅಲ್ಲಿಂದ ಟೆಂಪೊದಲ್ಲಿ ನಮ್ಮಿಬ್ಬರ ನಡುವೆ ಚೈತ್ರ ಕೂತಳು. ದಾರಿಯಲ್ಲಿ ಅವಳು ಫೋನ್ ನೋಡುತ್ತಿರಲಿ, ಇಡ್ಲಿ ತಿನ್ನುತ್ತಿರಲಿ, ದೇಸಾಯಿ ಸರ್ ಇದ್ದಕ್ಕಿದ್ದಂತೆ, "ಇಂಜಿನ್ ಬಂದ್ ಆತು. ಈಗ ಎಲ್ಲಿ?" ಎನ್ನುವರು. ಅವಳು ತಕ್ಷಣ ಕಿಟಕಿಯಾಚೆ ಕೈ ತೋರಿಸಬೇಕು.

"ರಸ್ತೆ ಮೇಲೆ ಸರ್. ಖಾಲಿ ಇದೆ, ನೇರ ಇದೆ."

"ರಸ್ತಾ ನಿಮ್ಮ ತಾತಂದು. ಬಾಜೂಕ ಕರೆಂಟಿನ ವೈರ್ ಅದ. ಮುಂದ ನೋಡು, ರಾಗಿ ಹರವ್ಯಾರ. ಬ್ಯಾರೆ ಹೇಳು."

"ಆ ಹೊಲ."

"ಗಾಳಿ ಬೆನ್ನಿಗದ. ಬ್ಯಾರೆ."

ರಸ್ತೆಯ ಮೇಲೆ ರಾಗಿ ಹರವಿ, ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಅಷ್ಟು ವರ್ಷ ಅದರ ಮೇಲೆ ಗಾಡಿ ಓಡಿಸಿದ ನನಗೆ, ಮೇಲಿನಿಂದ ಬರುವವರಿಗೆ ಅದೊಂದು ಕಂಟಕ ಎಂದು ಹೊಳೆದಿರಲಿಲ್ಲ.

ಬಯಲಿನಲ್ಲಿ ಅವಳನ್ನು ಮುಂದೆ ಕೂರಿಸಿ ತಾವು ಹಿಂದೆ ಕುಳಿತು ಹಾರಿಸುವರು. ಮೇಲೆ ಹೋಗಿ ಯಾವ ಸುಳಿವೂ ಕೊಡದೆ ಇಂಜಿನ್ನಿನ ಸದ್ದು ಇಳಿಸಿಬಿಡುವರು. ಕೆಳಗೆ ನಿಂತ ನಾನು ಪ್ರತಿ ಸಲವೂ ಪಟ್ಟಿಯ ಅಂಚಿನವರೆಗೆ ಓಡುತ್ತಿದ್ದೆ. ಇಳಿದ ಮೇಲೆ, ಕೈಯಲ್ಲಿ ಹಿಡಿದು ಹಾರಿಸುವ ಕೋಲಿನ ಪಾಠ. "ಅಂಜಿದ ಕೈ ಕೋಲನ್ನ ತನ್ನ ಕಡೆ ಎಳಕೋತದ. ಎಳದ್ರ ವೇಗ ಹೋತು, ವೇಗ ಹೋದ್ರ ನೆಲ ಬಂದಾಗ ನಿನ್ನ ಕೈಯಾಗ ಏನೂ ಉಳಿಯೂದಿಲ್ಲ. ದಬ್ಬಬ್ಯಾಡ, ಎಳೀಬ್ಯಾಡ. ಮೂಗು ತಗ್ಗಸು, ವೇಗ ಹಿಡಿ, ಗಾಳಿಗೆ ಎದುರ ಆಗು. ನೆಲಾ ಹತ್ರ ಬಂದಾಗ ಅಷ್ಟ ಎಳಿ." ಅವಳು ಎಷ್ಟು ಚೆನ್ನಾಗಿ ಇಳಿಸಿದರೂ ತಪ್ಪನ್ನು ಮಾತ್ರ ಹೇಳಿ ಚಹಾಕ್ಕೆ ಹೊರಡುವರು. "ಒಂದು ಸಲ ಚೆನ್ನಾಗಿತ್ತು ಅಂದ್ರೆ ಇವ್ರ ಗಂಟೇನು ಹೋಗುತ್ತೆ ತಾತ?" ಎಂದು ಅವಳು ನನ್ನ ಹತ್ತಿರ ಸಿಡುಕುತ್ತಿದ್ದಳು.

ಈ ಮಳೆಗಾಲದಲ್ಲಿ ಕೆಮ್ಮು ಎಂದು ಶುರುವಾದದ್ದು ಶ್ವಾಸಕೋಶದ ದೊಡ್ಡ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಹಾರಬಾರದು ಎಂದರು. ಚೈತ್ರಳ ಉಳಿದ ಪಾಠವನ್ನು ಬೇರೊಬ್ಬ ಮೇಷ್ಟ್ರು ಮುಗಿಸಿದರು, ಅವಳು ಒಬ್ಬಳೇ ಹಾರುವಷ್ಟಾದಳು. ಅದನ್ನು ನೋಡಲು ದೇಸಾಯಿ ಸರ್ ಒಂದು ದಿನ ಕುರ್ಚಿ ಹಾಕಿಸಿಕೊಂಡು ಬಯಲಿನಲ್ಲಿ ಕುಳಿತಿದ್ದರು. ಆಮೇಲೆ ಶಿವಮೊಗ್ಗದ ಆಸ್ಪತ್ರೆಯ ಹಾಸಿಗೆ. ಹಗಲು ನಾನು ಕೂರುತ್ತಿದ್ದೆ. ಮೂಗಿಗೆ ನಳಿಕೆ ಇಟ್ಟಿದ್ದರೂ ಸಂಜೆ ಚೈತ್ರ ಬಂದರೆ ಕೇಳುವುದು ಅದೊಂದೇ. "ಇಂಜಿನ್ ಬಂದ್. ಈಗ ಎಲ್ಲಿ?" ಅವಳು ಅವತ್ತು ಹಾರಿದ ದಾರಿಯ ಹೊಲಗಳನ್ನು ಹೇಳಬೇಕು. ಒಂದು ಸಂಜೆ ಅವಳು ಹೋದ ಮೇಲೆ, "ನಂಜಪ್ಪಾರ, ಶುಂಠಿಯೊಳಗ ನಾ ಬಿದ್ದೆ. ನಾ ಕಲಿಸಿದ್ದು ಖರೇ ಐತೇನು ಇಲ್ಲೇನು ಅಂತ ಇನ್ನೂ ಗೊತ್ತಾಗಿಲ್ಲ" ಎಂದರು. ನಾನು ಮೂಸಂಬಿ ಸುಲಿದೆ.

ಅದು ಗೊತ್ತಾದದ್ದು ಒಂದು ಬುಧವಾರ. ಬೆಳಗಿನ ತಿಂಡಿ ಆಗಿತ್ತು, ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಚೈತ್ರಳ ಫೋನ್.

"ತಾತ, ಇಂಜಿನ್ ನಿಂತೋಯ್ತು. ಇಳಿಸಿದೀನಿ."

"ಎಲ್ಲಿದೀಯ? ಏನಾಯ್ತು ನಿಂಗೆ?"

"ಜೋಳದ ಹೊಲದಲ್ಲಿ. ಏನೂ ಆಗಿಲ್ಲ ತಾತ. ಇಲ್ಲಿ ಯಾರೋ ಕಬ್ಬು ಕೊಟ್ಟಿದಾರೆ, ತಿಂತಿದೀನಿ."

ಆಮೇಲೆ ನಾನು ಏನು ಮಾಡಿದೆನೋ ಪೂರ್ತಿ ನೆನಪಿಲ್ಲ. ಜೋರಾಗಿ ನಕ್ಕೆನಂತೆ. ಪಕ್ಕದ ಹಾಸಿಗೆಯ ಅಪರಿಚಿತನ ಕೈ ಹಿಡಿದು ಕುಲುಕಿದೆನಂತೆ. ನರ್ಸಮ್ಮ ಬಂದು, "ಅಜ್ಜ, ಇದೇನು ಬಸ್‌ಸ್ಟ್ಯಾಂಡಾ?" ಎಂದು ಗದರಿದಳು. ಆಕೆಗೂ ಹೇಳಿದೆ, ನೆಲ ಒರೆಸುವವಳಿಗೂ ಹೇಳಿದೆ, ನನ್ನ ಮೊಮ್ಮಗಳು, ಇಂಜಿನ್ ನಿಂತಿತ್ತು, ಕಬ್ಬು ತಿನ್ನುತ್ತಿದ್ದಾಳೆ ಎಂದು. ನಗುತ್ತಲೇ ಇದ್ದೆ. ಕುಳಿತುಕೊಳ್ಳೋಣ ಎಂದರೆ ಮಂಡಿ ಮಡಚಲಿಲ್ಲ. ಕಾಲು ಯಾರದೋ ಕಾಲಿನ ಹಾಗೆ ನಿಂತಿತ್ತು.

ದೇಸಾಯಿ ಸರ್ ಕಣ್ಣು ಬಿಟ್ಟು ನೋಡುತ್ತಿದ್ದರು. ನಾನು ಹೇಳಹೊರಟೆ. ಕೈ ಎತ್ತಿ ತಡೆದರು. "ನೀವು ಹೇಳಬ್ಯಾಡ್ರಿ. ಆಕೀನ ಕರೀರಿ. ಆಕಿ ಬಾಯಿಂದ ಕೇಳ್ಬೇಕು."

ಅವಳು ಬರುವವರೆಗೆ ಔಷಧಿ ಬೇಡ, ನಿದ್ದೆ ಬರುತ್ತದೆ ಎಂದು ಹಟ ಹಿಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಬಂದಳು. ತಲೆಯಲ್ಲಿ ಜೋಳದ ಒಣ ಎಲೆಯ ಪುಡಿ, ಬೂಟಿನಲ್ಲಿ ಕೆಮ್ಮಣ್ಣು. ನಾನು ಅವಳ ತೋಳು ಮುಟ್ಟಿ ಮುಟ್ಟಿ ನೋಡಿದೆ. ಅವಳು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತಳು, ಪರೀಕ್ಷೆಗೆ ಕುಳಿತ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು.

"ಸದ್ದು ನಿಂತಾಗ ಕೈ ಏನ್ ಮಾಡ್ತು?"

"ಎಳ್ಕೊಂಡೆ ಸರ್. ಒಂದು ಕ್ಷಣ. ಆಮೇಲೆ ಬಿಟ್ಟೆ. ಮೂಗು ತಗ್ಗಿತು, ವೇಗ ಬಂತು."

"ಏನ್ ಕಂಡ್ತು?"

"ರಸ್ತೆ ಕಂಡಿತು, ವೈರಿತ್ತು. ಶಾಲೆ ಮೈದಾನ ಇತ್ತು, ಮಕ್ಕಳಿದ್ರು. ಗದ್ದೆ ತುಂಬಾ ಬದು. ಜೋಳ ಮುರಿದು ದಂಟೂ ಕೊಯ್ದಿದ್ದ ಹೊಲ ಒಂದಿತ್ತು. ಯಾರೋ ಕಸ ಸುಡ್ತಿದ್ರು, ಹೊಗೆ ನೋಡಿ ಗಾಳಿಗೆ ಎದುರಾಗಿ ತಿರುಗಿಸಿದೆ."

"ಪಂಪ್‌ಸೆಟ್?"

"ಮೂಲೇಲಿ ವೈರಿತ್ತು ಸರ್. ತಡವಾಗಿ ಕಾಣ್ತು. ಅದರಾಚೆ ಇಳಿಸಿದೆ. ನಾಲ್ಕು ಹೆಜ್ಜೆಯಷ್ಟೂ ಓಡಲಿಲ್ಲ, ನಿಂತುಬಿಡ್ತು."

"ಆಮ್ಯಾಲೆ?"

"ಜನ ಓಡಿ ಬಂದ್ರು. ಒಬ್ಬಜ್ಜಿ ದೃಷ್ಟಿ ತೆಗೀತೀನಿ ಅಂತ ಪೊರಕೆ ಹಿಡ್ಕೊಂಡು ನೇರ ರೆಕ್ಕೆ ಕೆಳಗೇ ಬರ್ತಿದ್ಲು. ರೆಕ್ಕೆ ಇನ್ನೂ ತಿರುಗ್ತಿತ್ತು. ಬರಬೇಡಿ ಅಂತ ಕಿರುಚಿದೆ. ಅಜ್ಜಿ ಅಲ್ಲೇ ಕೂತ್ಕೊಂಡ್ಲು. ರೆಕ್ಕೆ ನಿಂತ ಮೇಲೆ ನಾನು ಇಳಿದೆ, ಆಮೇಲೆ ದೃಷ್ಟಿ ತೆಗೆಸ್ಕೊಂಡೆ."

ದೇಸಾಯಿ ಸರ್ ಎದೆ ಮೇಲೆ ಕೆಳಗೆ ಆಗುತ್ತಿತ್ತು. ನಗುತ್ತಿದ್ದಾರೋ ಉಸಿರು ಎಳೆಯುತ್ತಿದ್ದಾರೋ ಗೊತ್ತಾಗಲಿಲ್ಲ. "ಏನ್ ಮರತಿ?" ಎಂದರು.

ಚೈತ್ರ ಬೂಟು ನೋಡಿಕೊಂಡಳು. "ಪೆಟ್ರೋಲ್ ಬಂದ್ ಮಾಡಿರಲಿಲ್ಲ ಸರ್."

"ಮರೀಬ್ಯಾಡ" ಎಂದು ಕಣ್ಣು ಮುಚ್ಚಿದರು. ಆಮೇಲೆ ನರ್ಸಮ್ಮನಿಗೆ ಕೈ ಸನ್ನೆ ಮಾಡಿ ಔಷಧಿ ತರಿಸಿಕೊಂಡರು. ಚೈತ್ರ ಇನ್ನೂ ಏನೋ ಹೇಳುತ್ತಾರೆ ಎಂದು ಕಾದು ಕುಳಿತಿದ್ದಳು. ಅವರು ನಿದ್ದೆ ಹೋದರು. ಮರುದಿನ ಬೆಳಿಗ್ಗೆ ನಾನು ಚಹಾ ಫ್ಲಾಸ್ಕ್ ಹಿಡಿದು ಹೋಗುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಹುಬ್ಬಳ್ಳಿಯಿಂದ ಅಕ್ಕನ ಮಗ ಬಂದ. ಆಸ್ಪತ್ರೆಯಿಂದಲೇ ದೇಹವನ್ನು ಗದಗಿನ ಕಡೆ ಒಯ್ಯುವುದೆಂದಾಯಿತು. ನಾನೂ ಚೈತ್ರಳೂ ಕೈಕೊಟ್ಟು ವ್ಯಾನಿಗೆ ಏರಿಸಿದೆವು. ಇಷ್ಟು ಹಗುರ ಇದ್ದರೇ ಎಂದುಕೊಂಡೆ. ಬೇರೇನೂ ಅನ್ನಿಸಲಿಲ್ಲ. ಫ್ಲಾಸ್ಕ್ ಇನ್ನೂ ನನ್ನ ಕೈಯಲ್ಲೇ ಇತ್ತು; ವ್ಯಾನು ಹೋದ ಮೇಲೆ ಗೇಟಿನ ವಾಚ್‌ಮನ್‌ಗೆ ಚಹಾ ಬಗ್ಗಿಸಿ ಕೊಟ್ಟೆ.

ಭದ್ರಾವತಿಗೆ ಬಂದರೆ ನಮ್ಮ ಬೀದಿಯಲ್ಲಿ ಜನ. ಹೊಲದವರು ತೆಗೆದ ವಿಡಿಯೋ ಅಷ್ಟರಲ್ಲಿ ಎಲ್ಲರ ಫೋನಿಗೂ ಬಂದಿತ್ತು. ಹಾರ ತಂದಿದ್ದರು, ಪೇಢ ತಂದಿದ್ದರು. ಆದರೆ ಹೆಣ ಮುಟ್ಟಿ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟುವ ಹಾಗಿಲ್ಲ. ರತ್ನಮ್ಮ ಅಂಗಳಕ್ಕೆ ಹಂಡೆಯ ನೀರು ತಂದಿಟ್ಟಿದ್ದಳು. ಅವಳ ಕಣ್ಣು ಊದಿತ್ತು. ನನಗೂ ಚೈತ್ರಳಿಗೂ ಉಟ್ಟ ಬಟ್ಟೆಯ ಮೇಲೇ ತಲೆಯಿಂದ ನೀರು ಸುರಿದಳು. ಬಂದವರು ಗೇಟಿನ ಆಚೆ ಕಾದರು. ಹಾರ ಹಿಡಿದವರಿಗೆ ಅದನ್ನು ಮುಂದಕ್ಕೆ ಹಿಡಿಯುವುದೋ ಹಿಂದಕ್ಕೆ ಹಿಡಿಯುವುದೋ ತಿಳಿಯಲಿಲ್ಲ.

"ತಪ್ಪು ತಿಳೀಬೇಡಿ ನಂಜಪ್ಪಣ್ಣ. ನಮಗೆ ಸಂತೋಷದ ಸುದ್ದಿ ಮೊದಲು ಗೊತ್ತಾಯ್ತು" ಎಂದರು ಒಬ್ಬರು.

"ಬನ್ನಿ ಬನ್ನಿ" ಎಂದೆ. "ಸಂತೋಷವೇ. ನನ್ನ ಮೊಮ್ಮಗಳು ಇಂಜಿನ್ ನಿಂತ ಗಾಡಿ ಇಳಿಸಿದಾಳೆ. ಹಾಕಿ ಹಾರ."

ಚೈತ್ರ ಒದ್ದೆ ಕೂದಲು ಹಿಂಡುತ್ತಾ ನಿಂತಿದ್ದಳು. ಹಾರ ಹಾಕಿಸಿಕೊಂಡಳು. ಕೈ ಮುಗಿದಳು. ಹೆದರಿಕೆ ಆಗಲಿಲ್ಲವಾ ಎಂದು ಯಾರೋ ಕೇಳಿದರು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ತಾತ, ನಾನು ಎದ್ದು ಬಂದ ಮೇಲೆ ಸರ್ ಎಚ್ಚರ ಆಗಿದ್ರಾ? ಏನಾದ್ರೂ ಅಂದ್ರಾ?"

ಅವರಿಗೆ ಎಚ್ಚರವಾಗಲೇ ಇಲ್ಲ. ಇಂಥ ಹೊತ್ತಿನಲ್ಲಿ ಒಂದು ಒಳ್ಳೆಯ ಮಾತು ಕಟ್ಟಿ ಹೇಳುವುದು ನನಗೇನು ಕಷ್ಟ ಅಲ್ಲ. ಬಾಯಿ ತೆರೆದೆ. ತೆರೆದ ಬಾಯಿಗೆ ಪಕ್ಕದವರು ಪೇಢ ಇಟ್ಟುಬಿಟ್ಟರು. ನೀರು ತೊಟ್ಟಿಕ್ಕುತ್ತಿತ್ತು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಗಿದೆ. ರುಚಿ ಹತ್ತಲಿಲ್ಲ.

"ಇಲ್ಲಮ್ಮ" ಎಂದೆ. "ಏನೂ ಅನ್ನಲಿಲ್ಲ."

ಅವಳು ಹೂಂಗುಟ್ಟಿ, ತನ್ನ ಒದ್ದೆ ಅಂಗಿಯ ತೋಳಿನಲ್ಲೇ ನನ್ನ ಮುಖದ ನೀರು ಒರೆಸಿದಳು.